ಜಪಾನಿನ ಇತಿಹಾಸಕ್ಕೆ ಆಧಾರ ಎಲ್ಲಿದೆ? ಬಹುಸಂಪುಟ ಆಕರ ಗ್ರಂಥಗಳ ಪರಿಚಯ

2024ರಲ್ಲಿ ಹೊಸ ವಿಡಿಯೊ ಗೇಮ್ ಒಂದು ಘೋಷಣೆಯಾಗಿ, ಅದರ ಇಬ್ಬರು ಮುಖ್ಯ ಪಾತ್ರಗಳಲ್ಲಿ ಒಬ್ಬನು ಯಸುಕೆ ಎಂಬ ಆಫ್ರಿಕನ್ ವ್ಯಕ್ತಿ ಎಂದು ತಿಳಿದಾಗ, ಹದಿನಾರನೆಯ ಶತಮಾನದ ಜಪಾನಿನ ಹೆಸರನ್ನೂ ಅದುವರೆಗೆ ಎತ್ತದಿದ್ದ ಜನ ಜಗತ್ತಿನಾದ್ಯಂತ ವಾದಕ್ಕಿಳಿದರು. ಅಂಥವನೊಬ್ಬ ನಿಜಕ್ಕೂ ಇದ್ದನೇ, ಸೇನಾಧಿಪತಿ ಒದಾ ನೊಬುನಾಗನ ಬಳಿ ಅವನಿಗೆ ಯಾವ ಸ್ಥಾನವಿತ್ತು, ಅವನು ಸಮುರಾಯ್ ಆಗಿದ್ದನೇ ಎಂಬ ಪ್ರಶ್ನೆಗಳಿಗೆ ಸಾಮಾಜಿಕ ಜಾಲತಾಣಗಳಲ್ಲಿ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು. ಅನಿಮೆ, ಮಾಂಗಾ ಮತ್ತು ಜಪಾನಿನ ಐತಿಹಾಸಿಕ ಧಾರಾವಾಹಿಗಳನ್ನು ನೋಡುತ್ತಾ ಬೆಳೆದಿರುವ ಕನ್ನಡದ ಕಿರಿಯ ಓದುಗರಿಗೂ ಈ ವಾದ ತಲುಪಿದೆ. ಅವರಲ್ಲಿ ಅನೇಕರು ಕೇಳುವುದು ಬಹಳ ಸರಿಯಾದ ಪ್ರಶ್ನೆ: ಇದಕ್ಕೆಲ್ಲ ಆಧಾರ ಎಲ್ಲಿದೆ, ಅದನ್ನು ನೋಡುವುದು ಹೇಗೆ?

ಈ ಪ್ರಶ್ನೆಗೆ ಉತ್ತರಿಸುವುದಕ್ಕಾಗಿಯೇ ಜಪಾನಿನಲ್ಲಿ ತಲೆಮಾರುಗಳ ಕಾಲ ದುಡಿದು ಕಟ್ಟಿದ ಬಹುಸಂಪುಟ ಗ್ರಂಥಗಳಿವೆ. ಕೆಲವು ಹದಿನೈದು ಸಂಪುಟಗಳಲ್ಲಿ ಮುಗಿದಿವೆ. ಒಂದಂತೂ 1901ರಿಂದ ಪ್ರಕಟವಾಗುತ್ತಿದ್ದು ಇಂದಿಗೂ ಮುಗಿದಿಲ್ಲ. ಅವು ಏನು, ಹೇಗೆ ಹುಟ್ಟಿದವು, ಯಾವುದರಲ್ಲಿ ಏನನ್ನು ಹುಡುಕಬೇಕು ಎಂಬುದನ್ನು ಇಲ್ಲಿ ಮೊದಲಿನಿಂದ ವಿವರಿಸಲಾಗಿದೆ.

ಮೂರು ಬಗೆಯ ಗ್ರಂಥಗಳು

ಹಳ್ಳಿಯ ಒಂದು ಮನೆತನದ ಜಮೀನಿನ ವಿಚಾರವನ್ನು ತೆಗೆದುಕೊಳ್ಳೋಣ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಕ್ರಯಪತ್ರ, ಪಾಲುಪತ್ರ, ಕಂದಾಯ ಕಟ್ಟಿದ ರಸೀದಿಗಳು ಇರುತ್ತವೆ; ಇವು ಆಯಾ ಕಾಲದಲ್ಲಿ ಬರೆದ ಕಾಗದಗಳು. ಕಂದಾಯ ಇಲಾಖೆಯ ಪಹಣಿಯಲ್ಲಿ ಸರ್ವೆ ನಂಬರಿನ ಎದುರು ಹೆಸರು, ವಿಸ್ತೀರ್ಣ, ಬೆಳೆ ಎಲ್ಲವೂ ಚುಟುಕಾಗಿ ಸಿಗುತ್ತವೆ. ಇನ್ನು ಮನೆಯ ಹಿರಿಯರನ್ನು ಕೇಳಿದರೆ ಆ ಜಮೀನು ಯಾರ ಕಾಲದಲ್ಲಿ ಬಂತು, ಯಾಕೆ ಪಾಲಾಯಿತು, ಯಾರು ಮಾರಿದರು ಎಂಬ ಇಡೀ ವೃತ್ತಾಂತವನ್ನು ಹೇಳುತ್ತಾರೆ. ಮೂರೂ ಒಂದೇ ಜಮೀನಿನ ಬಗ್ಗೆ ಇದ್ದರೂ ಮೂರರ ಕೆಲಸ ಬೇರೆ ಬೇರೆ. ತಕರಾರು ಬಂದಾಗ ಕೊನೆಗೆ ಪೆಟ್ಟಿಗೆಯನ್ನೇ ಇಳಿಸಬೇಕಾಗುತ್ತದೆ.

ಜಪಾನಿನ ಇತಿಹಾಸದ ದೊಡ್ಡ ಗ್ರಂಥಗಳನ್ನೂ ಹೀಗೆಯೇ ಮೂರಾಗಿ ವಿಂಗಡಿಸಬಹುದು. ಮೊದಲನೆಯದು ಆಕರ ಸಂಗ್ರಹ, ಅಂದರೆ ಹಳೆಯ ದಿನಚರಿ, ಪತ್ರ, ಶಾಸನ, ದೇವಾಲಯದ ದಾಖಲೆಗಳನ್ನು ಪರಿಷ್ಕರಿಸಿ ಮೂಲದ ಮಾತುಗಳಲ್ಲೇ ಅಚ್ಚು ಹಾಕಿದ ಗ್ರಂಥ. ಎರಡನೆಯದು ಕೋಶ, ಅಂದರೆ ವ್ಯಕ್ತಿ, ಸ್ಥಳ, ಘಟನೆ, ಪದವಿ ಮುಂತಾದವುಗಳನ್ನು ಅಕಾರಾದಿಯಾಗಿಯೋ ವಿಷಯಾನುಸಾರವಾಗಿಯೋ ಜೋಡಿಸಿ ವಿವರಿಸುವ ಗ್ರಂಥ. ಮೂರನೆಯದು ಸಮಗ್ರ ಇತಿಹಾಸ, ಅಂದರೆ ಹಲವು ವಿದ್ವಾಂಸರು ಒಂದೊಂದು ಅಧ್ಯಾಯ ಬರೆದು ಒಂದು ಕಾಲಘಟ್ಟವನ್ನು ನಿರೂಪಿಸುವ ಗ್ರಂಥ. ನಮ್ಮ ಪ್ರಶ್ನೆ ಯಾವ ಬಗೆಯದು ಎಂಬುದನ್ನು ಮೊದಲು ನಿಶ್ಚಯಿಸಿಕೊಂಡರೆ, ನೂರಾರು ಸಂಪುಟಗಳ ನಡುವೆ ದಾರಿ ತಪ್ಪುವ ಭಯವಿರುವುದಿಲ್ಲ.

ಆರು ರಾಷ್ಟ್ರೇತಿಹಾಸಗಳು, ಆಮೇಲಿನ ತೆರಪು

ಇತಿಹಾಸವನ್ನು ಬರೆಸುವುದು ರಾಜ್ಯದ ಕರ್ತವ್ಯ ಎಂಬ ಕಲ್ಪನೆಯನ್ನು ಜಪಾನಿನ ಆಸ್ಥಾನ ಚೀನಾದಿಂದ ಪಡೆಯಿತು. 720ರಲ್ಲಿ ಸಿದ್ಧವಾದ ನಿಹೊನ್ ಶೊಕಿ ಇಂಥ ಮೊದಲ ಗ್ರಂಥ. ಅದರ ನಂತರ ಇನ್ನೂ ಐದು ಬಂದವು. ಆರನೆಯದು 901ರಲ್ಲಿ ಪೂರ್ಣಗೊಂಡಿತು, ಅದರ ವೃತ್ತಾಂತ 887ಕ್ಕೆ ನಿಲ್ಲುತ್ತದೆ. ಆಮೇಲೆ ಆಸ್ಥಾನದ ಪರವಾಗಿ ಈ ಸಾಲಿನ ಇನ್ನೊಂದು ಇತಿಹಾಸ ಪೂರ್ಣಗೊಳ್ಳಲಿಲ್ಲ. ಈ 887 ಎಂಬ ವರ್ಷವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಸಾವಿರ ವರ್ಷಗಳ ನಂತರ ಆರಂಭವಾದ ಆಧುನಿಕ ಯೋಜನೆ ತನ್ನ ಕೆಲಸವನ್ನು ಸರಿಯಾಗಿ ಅಲ್ಲಿಂದಲೇ ಎತ್ತಿಕೊಂಡಿತು.

ನಡುವೆ ಮಿತೊ ಎಂಬ ಸಂಸ್ಥಾನದ ತೊಕುಗಾವಾ ಮಿತ್ಸುಕುನಿ 1657ರಲ್ಲಿ ಸ್ವಂತ ಆಸಕ್ತಿಯಿಂದ ದೈ ನಿಹೊನ್ ಶಿ ಎಂಬ ಬೃಹತ್ ಇತಿಹಾಸವನ್ನು ಆರಂಭಿಸಿದನು. ಅವನ ಕಾಲವಾಗಿ ಎರಡು ಶತಮಾನ ಕಳೆದ ಮೇಲೆ, 1906ರಲ್ಲಿ, ಅದು ಮುಗಿಯಿತು. ಗ್ರಂಥಭಾಗವೇ 397 ಸಂಪುಟ. ಇಲ್ಲಿ ಸಂಪುಟ ಎಂದಾಗ ಇಂದಿನ ದಪ್ಪ ರಟ್ಟಿನ ಪುಸ್ತಕವನ್ನು ಊಹಿಸಬಾರದು. ಹಳೆಯ ಕ್ರಮದಲ್ಲಿ ಒಂದು ಸುರುಳಿಯಷ್ಟು, ಅಥವಾ ಒಂದು ತೆಳು ಹೊತ್ತಗೆಯ ಭಾಗದಷ್ಟು ಪಠ್ಯವನ್ನು ಒಂದು ಸಂಪುಟವೆಂದು ಎಣಿಸುತ್ತಿದ್ದರು.

ಕಣ್ಣಿಲ್ಲದ ವಿದ್ವಾಂಸನ 17,244 ಹಲಗೆಗಳು

ಆಕರ ಸಂಗ್ರಹದ ಚರಿತ್ರೆಯಲ್ಲಿ ನಾನು ಅತ್ಯಂತ ಗೌರವದಿಂದ ನೆನೆಯುವ ಹೆಸರು ಹನವಾ ಹೊಕೀಚಿಯದು. 1746ರಲ್ಲಿ ಇಂದಿನ ಸೈತಾಮಾ ಪ್ರಾಂತ್ಯದ ರೈತ ಕುಟುಂಬದಲ್ಲಿ ಹುಟ್ಟಿದ ಇವರು ಬಾಲ್ಯದಲ್ಲೇ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡರು. ಅಂದಿನ ಅಂಧರಿಗೆ ತೆರೆದಿದ್ದ ಕಸುಬುಗಳೆಂದರೆ ಸಂಗೀತ, ಅಂಗಮರ್ದನ ಮತ್ತು ಸೂಜಿಚಿಕಿತ್ಸೆ. ಎದೊ ನಗರಕ್ಕೆ, ಅಂದರೆ ಇಂದಿನ ಟೋಕಿಯೊಗೆ ಬಂದ ಹುಡುಗನಿಗೆ ಇವು ಯಾವುವೂ ಒಗ್ಗಲಿಲ್ಲ. ಅವನ ಮನಸ್ಸು ಓದಿನ ಕಡೆಗಿದೆ ಎಂಬುದನ್ನು ಕಂಡ ಗುರುಗಳು ಅದಕ್ಕೆ ಅವಕಾಶ ಮಾಡಿಕೊಟ್ಟರು. ಬೇರೆಯವರು ಓದಿ ಹೇಳಿದ್ದನ್ನು ಕೇಳಿ ಮನನ ಮಾಡಿಕೊಳ್ಳುತ್ತಲೇ ಹೊಕೀಚಿ ದೇಶದ ದೊಡ್ಡ ವಿದ್ವಾಂಸರ ಸಾಲಿಗೆ ಏರಿದರು.

ಹಳೆಯ ಗ್ರಂಥಗಳು ಒಂದೊಂದೇ ಪ್ರತಿಯಾಗಿ ಮನೆಮನೆಗಳಲ್ಲಿ, ದೇವಾಲಯಗಳಲ್ಲಿ ಚದುರಿಹೋಗಿವೆ, ಒಂದು ಬೆಂಕಿ ಬಿದ್ದರೆ ಶಾಶ್ವತವಾಗಿ ಇಲ್ಲವಾಗುತ್ತವೆ ಎಂಬ ಚಿಂತೆ ಅವರನ್ನು ಕಾಡಿತು. 1779ರಲ್ಲಿ ಸಂಕಲ್ಪ ಮಾಡಿ, ಊರೂರುಗಳಿಂದ ಪ್ರತಿಗಳನ್ನು ತರಿಸಿ, ಪಾಠಗಳನ್ನು ಹೋಲಿಸಿ, ವಿಷಯಾನುಸಾರ 25 ವಿಭಾಗಗಳಾಗಿ ಜೋಡಿಸಿ, ಮರದ ಹಲಗೆಗಳ ಮೇಲೆ ಕೆತ್ತಿಸಿ ಅಚ್ಚು ಹಾಕಿಸತೊಡಗಿದರು. 1819ರಲ್ಲಿ ಮುಗಿದ ಈ ಸಂಗ್ರಹಕ್ಕೆ ಗುನ್ಶೊ ರುಯಿಜು ಎಂದು ಹೆಸರು. ಅದರಲ್ಲಿ 1,270ಕ್ಕೂ ಹೆಚ್ಚು ಗ್ರಂಥಗಳಿವೆ. ಅವುಗಳಲ್ಲಿ ಎಷ್ಟೋ ಸಣ್ಣ ಕೃತಿಗಳು ಇವರ ಕೈಗೆ ಸಿಗದಿದ್ದರೆ ಇಂದು ನಮಗೆ ದಕ್ಕುತ್ತಿರಲಿಲ್ಲ.

ಆ ಹಲಗೆಗಳು ಈಗಲೂ ಇವೆ. ಟೋಕಿಯೊದ ಶಿಬುಯಾದಲ್ಲಿರುವ ಸ್ಮಾರಕ ಭವನದಲ್ಲಿ ಚೆರಿ ಮರದ 17,244 ಹಲಗೆಗಳನ್ನು ಕಪಾಟುಗಳಲ್ಲಿ ಸಾಲಾಗಿ ಜೋಡಿಸಿಡಲಾಗಿದೆ. ಹಲಗೆಯ ಎರಡೂ ಬದಿಗೆ ಅಕ್ಷರಗಳನ್ನು ಕನ್ನಡಿಬಿಂಬದಂತೆ ತಿರುಗುಮುರುಗಾಗಿ ಕೆತ್ತಿದ್ದಾರೆ. ಒಂದು ಬದಿಗೆ ಇಪ್ಪತ್ತು ಸಾಲು, ಸಾಲಿಗೆ ಇಪ್ಪತ್ತು ಅಕ್ಷರ. ಜಪಾನಿನ ಶಾಲಾಮಕ್ಕಳೂ ಲೇಖಕರೂ ಬಳಸುವ ನಾನೂರು ಚೌಕಗಳ ಹಸ್ತಪ್ರತಿ ಕಾಗದಕ್ಕೆ ಇದೇ ಮೂಲವೆಂದು ಹೇಳುವುದುಂಟು. 1923ರ ಭೂಕಂಪವನ್ನೂ ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯನ್ನೂ ದಾಟಿ ಬಂದಿರುವ ಈ ಹಲಗೆಗಳಿಂದ ಇಂದಿಗೂ ಅಚ್ಚು ತೆಗೆಯಲು ಸಾಧ್ಯ.

1793ರಲ್ಲಿ ಸರ್ಕಾರದ ಒಪ್ಪಿಗೆ ಪಡೆದು ಹೊಕೀಚಿ ಒಂದು ವಿದ್ಯಾಲಯವನ್ನೂ ಸ್ಥಾಪಿಸಿದ್ದರು. ಅಲ್ಲಿ 887ರ ನಂತರದ ಘಟನೆಗಳಿಗೆ ದಿನಾಂಕವಾರು ಆಕರಗಳನ್ನು ಕೂಡಿಸುವ ಕೆಲಸವೂ ನಡೆಯಿತು. ಇಂದು ಟೋಕಿಯೊ ವಿಶ್ವವಿದ್ಯಾಲಯದ ಇತಿಹಾಸ ಆಕರ ಸಂಪಾದನಾ ಸಂಸ್ಥೆಯು ತನ್ನ ಮೂಲವನ್ನು ಈ ವಿದ್ಯಾಲಯದಲ್ಲೇ ಗುರುತಿಸಿಕೊಳ್ಳುತ್ತದೆ.

ಕಥನವನ್ನು ಬಿಟ್ಟು ಆಕರಕ್ಕೆ ತಿರುಗಿದ್ದು ಏಕೆ?

ಮೇಜಿ ಚಕ್ರವರ್ತಿಯ ಹೊಸ ಸರ್ಕಾರ 1869ರಲ್ಲೇ ಆರು ರಾಷ್ಟ್ರೇತಿಹಾಸಗಳನ್ನು ಮುಂದುವರಿಸಬೇಕೆಂದು ಆಜ್ಞೆ ಹೊರಡಿಸಿತು. ಮೊದಲು ಉದ್ದೇಶಿಸಿದ್ದು ಒಂದು ಅಧಿಕೃತ ಇತಿಹಾಸ ಕಥನವನ್ನು ಬರೆಯಲು, ಅದೂ ಪ್ರಾಚೀನ ಚೀನೀ ಶೈಲಿಯ ಭಾಷೆಯಲ್ಲಿ. ಆದರೆ ಆಕರಗಳನ್ನು ಕೂಡಿಸುತ್ತಾ ಹೋದಂತೆ ಸಂಪಾದಕರಿಗೆ ತೊಡಕು ಕಾಣಿಸಿತು. ಜನಪ್ರಿಯ ವೀರಗಾಥೆಗಳಲ್ಲಿ ಬರುವ ಕೆಲವು ವ್ಯಕ್ತಿಗಳಿಗೆ ಸಮಕಾಲೀನ ದಾಖಲೆಗಳಲ್ಲಿ ಸುಳಿವೇ ಇರಲಿಲ್ಲ. ಹಿರಿಯ ಸಂಪಾದಕ ಶಿಗೆನೊ ಯಸುತ್ಸುಗು ಅದನ್ನು ಬಹಿರಂಗವಾಗಿ ಹೇಳಿದಾಗ ಪತ್ರಿಕೆಗಳು ಅವರನ್ನು ವೀರಪುರುಷರನ್ನು ಅಳಿಸಿಹಾಕುವ ಪಂಡಿತರೆಂದು ಕರೆದವು. 1887ರಲ್ಲಿ ಜರ್ಮನಿಯಿಂದ ಬಂದ ಲುಡ್ವಿಗ್ ರೀಸ್ ಕೂಡ ಮೂಲ ದಾಖಲೆಯ ವಿಮರ್ಶೆಯೇ ಇತಿಹಾಸದ ಬುನಾದಿ ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದರು.

1892ರಲ್ಲಿ ಪರಿಸ್ಥಿತಿ ಬಿಗಡಾಯಿಸಿತು. ಅದೇ ಸಂಪಾದಕ ವರ್ಗದ ಪ್ರಾಧ್ಯಾಪಕ ಕುಮೆ ಕುನಿತಾಕೆ, ಜಪಾನಿನ ಸ್ಥಳೀಯ ಧರ್ಮವಾದ ಶಿಂಟೊ ಪ್ರಾಚೀನ ಕಾಲದ ಆಕಾಶಪೂಜೆಯ ಆಚರಣೆಯೆಂದು ವಾದಿಸಿದ ಲೇಖನ ಮರುಮುದ್ರಣಗೊಂಡು ಶಿಂಟೊ ಪಕ್ಷದವರ ಕೋಪಕ್ಕೆ ಗುರಿಯಾಯಿತು. ಚಕ್ರವರ್ತಿಯ ವಂಶಕ್ಕೆ ದೈವತ್ವವನ್ನು ಆರೋಪಿಸುತ್ತಿದ್ದ ಕಾಲವದು. ಕುಮೆ ತಮ್ಮ ಹುದ್ದೆಯನ್ನು ಬಿಡಬೇಕಾಯಿತು. ಮರುವರ್ಷ ಸಂಪಾದನಾ ಇಲಾಖೆಯನ್ನೇ ಮುಚ್ಚಲಾಯಿತು. 1895ರಲ್ಲಿ ಅದು ಮತ್ತೆ ತೆರೆದಾಗ ಕಥನ ಬರೆಯುವ ಯೋಜನೆಯನ್ನು ಕೈಬಿಟ್ಟು, ಆಕರಗಳನ್ನು ಸಂಗ್ರಹಿಸಿ ಪ್ರಕಟಿಸುವುದಕ್ಕಷ್ಟೇ ಕೆಲಸವನ್ನು ಸೀಮಿತಗೊಳಿಸಿದರು.

ರಾಜಕೀಯ ಒತ್ತಡದಿಂದ ಬಂದ ಈ ಮಿತಿಗೆ ಎರಡು ಮುಖಗಳಿವೆ ಎಂದು ನನಗೆ ತೋರುತ್ತದೆ. ವಿದ್ವಾಂಸರು ತಮ್ಮ ವ್ಯಾಖ್ಯಾನವನ್ನು ಹೇಳುವ ಹಕ್ಕನ್ನು ಕಳೆದುಕೊಂಡರು, ಅದು ದೊಡ್ಡ ನಷ್ಟ. ಆದರೆ ಆ ಕಾಲದ ಅಧಿಕೃತ ಕಥನವೊಂದು ಅಚ್ಚಾಗಿದ್ದರೆ ಇಂದು ಅದನ್ನು ಯಾರೂ ಬಳಸುತ್ತಿರಲಿಲ್ಲ. ಆಕರಗಳ ಸಂಪುಟಗಳನ್ನಾದರೋ ಜಪಾನಿನ ಮಧ್ಯಯುಗದ ಬಗ್ಗೆ ಬರೆಯುವ ಪ್ರತಿಯೊಬ್ಬರೂ ಇವತ್ತಿಗೂ ತೆರೆಯುತ್ತಾರೆ.

ದೈ ನಿಹೊನ್ ಶಿರ್ಯೊ: ಒಂದು ಪುಟ ಹೇಗಿರುತ್ತದೆ?

1901ರಲ್ಲಿ ಮೊದಲ ಸಂಪುಟಗಳು ಹೊರಬಂದ ಆ ಆಕರಮಾಲೆಯ ಹೆಸರು ದೈ ನಿಹೊನ್ ಶಿರ್ಯೊ. 887ರಿಂದ 1867ರವರೆಗಿನ ಕಾಲವನ್ನು 16 ಸರಣಿಗಳಾಗಿ ಹಂಚಿಕೊಂಡು, ಹಲವು ಸರಣಿಗಳನ್ನು ಏಕಕಾಲಕ್ಕೆ ಸಂಪಾದಿಸುತ್ತಾ ಬಂದಿದ್ದಾರೆ. ಸುಮಾರು ನಾನೂರು ಸಂಪುಟಗಳು ಪ್ರಕಟವಾಗಿದ್ದರೂ ಅವೆಲ್ಲ ಮೊದಲ ಹನ್ನೆರಡು ಸರಣಿಗಳಿಗೆ ಸೇರಿದವು.

ಇದರ ಪುಟವನ್ನು ತೆರೆದರೆ ಮೊದಲು ಕಾಣುವುದು ವರ್ಷ, ತಿಂಗಳು, ದಿನ. ಅದರ ಕೆಳಗೆ ಆ ದಿನದ ಘಟನೆಯನ್ನು ಹೇಳುವ ಒಂದೇ ಒಂದು ಶಿರೋವಾಕ್ಯ: ಇಂಥವನು ಇಂಥ ಕೋಟೆಯನ್ನು ಮುತ್ತಿದನು, ಇಂಥ ದೇವಾಲಯಕ್ಕೆ ಭೂಮಿಯನ್ನು ಕೊಟ್ಟನು, ಎಂಬಷ್ಟೇ. ಸಂಪಾದಕರ ಮಾತು ಅಲ್ಲಿಗೆ ಬಹುಮಟ್ಟಿಗೆ ಮುಗಿಯುತ್ತದೆ. ಆ ವಾಕ್ಯಕ್ಕೆ ಆಧಾರವಾದ ದಿನಚರಿಯ ಸಾಲು, ಪತ್ರದ ಪಾಠ, ಯುದ್ಧಕಥನದ ಭಾಗ, ಎಲ್ಲವನ್ನೂ ಆಕರದ ಹೆಸರಿನೊಂದಿಗೆ ಅದರ ಕೆಳಗೆ ಒಂದರ ಹಿಂದೆ ಒಂದರಂತೆ ಕೊಡುತ್ತಾರೆ. ಎರಡು ಆಕರಗಳು ಪರಸ್ಪರ ಒಪ್ಪದಿದ್ದರೆ ಎರಡನ್ನೂ ಕೊಡುತ್ತಾರೆ. ಪ್ರಮುಖ ವ್ಯಕ್ತಿಯೊಬ್ಬ ಸತ್ತ ದಿನಾಂಕದಡಿ ಅವನ ಇಡೀ ಬದುಕಿಗೆ ಸಂಬಂಧಿಸಿದ ಆಕರಗಳನ್ನು ಒಟ್ಟುಗೂಡಿಸುವುದರಿಂದ, ಒಂದು ಸಾವಿನ ನಮೂದೇ ನೂರಾರು ಪುಟ ಬೆಳೆಯುವುದುಂಟು.

ಎಲ್ಲ ಕಾಲಕ್ಕೂ ಪೂರ್ಣ ಸಂಪುಟಗಳು ಸಿದ್ಧವಾಗಲು ಶತಮಾನಗಳೇ ಬೇಕಾಗುವುದರಿಂದ, ಶಿರೋವಾಕ್ಯಗಳನ್ನೂ ಆಕರಗಳ ಹೆಸರುಗಳನ್ನೂ ಮಾತ್ರ ಕೊಡುವ ಶಿರ್ಯೊ ಸೋರಾನ್ ಎಂಬ 17 ಸಂಪುಟಗಳ ಸೂಚಿಯನ್ನು 1923ರಿಂದ ಪ್ರಕಟಿಸಿದರು. ಅದು 1639ರವರೆಗೆ ಬರುತ್ತದೆ. ಇವಲ್ಲದೆ ಮೂಲ ಪತ್ರಗಳನ್ನು ಇಡಿಯಾಗಿ ಕೊಡುವ ಮಾಲೆ, ದಿನಚರಿಗಳ ಮಾಲೆ, ವಿದೇಶಗಳಲ್ಲಿರುವ ಜಪಾನ್ ಸಂಬಂಧಿ ದಾಖಲೆಗಳ ಮಾಲೆ ಎಂದು ಸಂಸ್ಥೆಯ ಪ್ರಕಟಣೆಗಳು ಕವಲೊಡೆದಿವೆ.

ಸಂಸ್ಥೆಯ ಬೆಂಬಲವಿಲ್ಲದೆಯೂ ಇಂಥ ಕೆಲಸ ಆಗಿದೆ ಎಂಬುದಕ್ಕೆ ತಾಕೆಉಚಿ ರಿಜೊ ಅವರ ಸಾಧನೆ ಸಾಕ್ಷಿ. ಹೇಯಾನ್ ಮತ್ತು ಕಾಮಾಕುರಾ ಕಾಲದ, ಅಂದರೆ ಸುಮಾರು ಎಂಟರಿಂದ ಹದಿನಾಲ್ಕನೆಯ ಶತಮಾನದವರೆಗಿನ ಬಿಡಿ ದಾಖಲೆಗಳನ್ನು ಅವರು ಹೆಚ್ಚುಕಡಿಮೆ ಏಕಾಂಗಿಯಾಗಿ ಸಂಪಾದಿಸಿದರು. ಕಾಮಾಕುರಾ ಕಾಲದ ಮುಖ್ಯ ಸಂಪುಟಗಳೇ 42.

ಯಸುಕೆಯ ಜಾಡು ಹಿಡಿದು

ಈಗ ಆರಂಭದ ಪ್ರಶ್ನೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಯಸುಕೆ ನೊಬುನಾಗನನ್ನು ಕಂಡದ್ದು 1581ರಲ್ಲಿ. ದೈ ನಿಹೊನ್ ಶಿರ್ಯೊದ 10ನೇ ಸರಣಿ 1568ರಿಂದ ಹೊರಟು ಇನ್ನೂ ಆ ವರ್ಷವನ್ನು ಮುಟ್ಟಿಲ್ಲ. 11ನೇ ಸರಣಿ ಆರಂಭವಾಗುವುದು 1582ರಲ್ಲಿ ನೊಬುನಾಗ ಹೊನ್ನೋಜಿ ದೇವಾಲಯದಲ್ಲಿ ಸತ್ತ ದಿನದಿಂದ. ಆದ್ದರಿಂದ ನಡುವಿನ ಈ ಅವಧಿಗೆ ಪ್ರತ್ಯೇಕವಾಗಿ ಅಚ್ಚಾದ ಆಕರಗಳನ್ನೇ ನೋಡಬೇಕು. ಅವು ಮುಖ್ಯವಾಗಿ ಮೂರು.

ಒಂದು, ಯೇಸುಸಭೆಯ ಪಾದ್ರಿಗಳ ಪತ್ರಗಳು. ಯಸುಕೆಯನ್ನು ಜಪಾನಿಗೆ ಕರೆತಂದ ಅಲೆಸ್ಸಾಂಡ್ರೊ ವಲಿನ್ಯಾನೊ 1574ರಲ್ಲಿ ಗೋವಾಕ್ಕೆ ಬಂದಿಳಿದು, ಅಲ್ಲಿಂದ ಪೂರ್ವದೇಶಗಳ ಮಿಷನ್‌ಗಳ ಮೇಲ್ವಿಚಾರಣೆ ನಡೆಸಿ, 1579ರಲ್ಲಿ ಜಪಾನ್ ತಲುಪಿದವರು. ಅದೇ ಸಭೆಯ ಪಾದ್ರಿ ಲೂಯಿಸ್ ಫ್ರೋಯಿಸ್ ಬರೆದ ಪತ್ರದಲ್ಲಿ, ಕ್ಯೋಟೊದಲ್ಲಿ ಈ ಅಪರಿಚಿತನನ್ನು ನೋಡಲು ಜನ ಮುಗಿಬಿದ್ದದ್ದು, ಮೈಬಣ್ಣ ಸಹಜವೇ ಎಂದು ನೊಬುನಾಗ ಪರೀಕ್ಷಿಸಿದ್ದು ಬರುತ್ತದೆ. 1598ರಲ್ಲಿ ಪೋರ್ಚುಗಲ್ಲಿನ ಎವೊರಾದಲ್ಲಿ ಇಂಥ ಪತ್ರಗಳ ದೊಡ್ಡ ಸಂಗ್ರಹವೇ ಅಚ್ಚಾಯಿತು. ಎರಡು, ನೊಬುನಾಗನ ಸೇವೆಯಲ್ಲಿದ್ದ ಓತಾ ಗ್ಯೂಇಚಿ ಬರೆದ ಒಡೆಯನ ಚರಿತ್ರೆ. ಇದರ ಹಸ್ತಪ್ರತಿಗಳು ಹಲವಿದ್ದು, ಯಸುಕೆಗೆ ಮನೆಯನ್ನೂ ಕಿರುಗತ್ತಿಯನ್ನೂ ಕೊಟ್ಟರೆಂಬ ಮಾತು ಎಲ್ಲ ಪ್ರತಿಗಳಲ್ಲಿ ಇಲ್ಲ. ಮೂರು, ಮತ್ಸುದಾಯಿರಾ ಇಎತಾದಾ ಎಂಬ ಯೋಧನ ದಿನಚರಿ. 1582ರ ವಸಂತದಲ್ಲಿ ನೊಬುನಾಗನ ಪರಿವಾರದಲ್ಲಿ ಕಂಡವನ ಹೆಸರು ಯಸುಕೆ, ಎತ್ತರ ಆರು ಶಾಕು ಎರಡು ಬು, ಅಂದರೆ ಸುಮಾರು 182 ಸೆಂಟಿಮೀಟರ್, ಅವನಿಗೆ ವೇತನವಿದೆ ಎಂದು ಅದರಲ್ಲಿ ಬರೆದಿದೆ.

ನೊಬುನಾಗ ಸತ್ತ ದಿನ ಯಸುಕೆ ಅವನ ಮಗನ ಪರವಾಗಿ ಹೋರಾಡಿ ಸೆರೆಸಿಕ್ಕನೆಂದೂ, ಕೊಲ್ಲದೆ ಪಾದ್ರಿಗಳ ಬಳಿಗೆ ಕಳುಹಿಸಿದರೆಂದೂ ಪಾದ್ರಿಗಳ ವರದಿ ಹೇಳುತ್ತದೆ. ಅಲ್ಲಿಗೆ ಖಚಿತ ದಾಖಲೆ ನಿಲ್ಲುತ್ತದೆ. ಇದಕ್ಕಿಂತ ಹೆಚ್ಚಿನದು ಎಲ್ಲಾದರೂ ಕಂಡರೆ, ಅದು ಈ ಕೆಲವು ಸಾಲುಗಳ ಮೇಲೆ ನಂತರದವರು ಕಟ್ಟಿದ ವ್ಯಾಖ್ಯಾನ ಅಥವಾ ಕಲ್ಪನೆ ಎಂದು ಓದುಗರೇ ಗುರುತಿಸಬಹುದು.

ಕೋಶಗಳು: ಎಲ್ಲಿಂದ ಆರಂಭಿಸಬೇಕು?

ಆಕರಗಳಿಗೆ ನೇರವಾಗಿ ಕೈಹಾಕುವ ಮುನ್ನ ಕೋಶವನ್ನು ನೋಡುವುದು ವಿದ್ವಾಂಸರ ವಾಡಿಕೆ. ಇಂದು ಈ ಕ್ಷೇತ್ರದಲ್ಲಿ ಎಲ್ಲರೂ ಮೊದಲು ತೆರೆಯುವುದು ಕೊಕುಶಿ ದೈಜಿತೆನ್ ಎಂಬ ರಾಷ್ಟ್ರೇತಿಹಾಸದ ಮಹಾಕೋಶವನ್ನು. ಯೋಶಿಕಾವಾ ಕೋಬುನ್‌ಕಾನ್ ಪ್ರಕಾಶನ ಸಂಸ್ಥೆ 1979ರಿಂದ 1997ರವರೆಗೆ ಇದನ್ನು ಹೊರತಂದಿತು. 15 ಸಂಪುಟಗಳಾದರೂ ಕಪಾಟಿನಲ್ಲಿ 17 ಪುಸ್ತಕಗಳು ಕಾಣುತ್ತವೆ, ಏಕೆಂದರೆ ಕೊನೆಯ ಸಂಪುಟವಾದ ವಿಷಯಸೂಚಿಯೇ ಮೂರು ಭಾಗಗಳಲ್ಲಿದೆ. 54,000ಕ್ಕೂ ಹೆಚ್ಚು ನಮೂದುಗಳಿರುವ ಈ ಕೋಶದಲ್ಲಿ ಲೇಖನದ ಕೊನೆಗೆ ಬರೆದವರ ಹೆಸರು ಇರುತ್ತದೆ, ಮುಖ್ಯ ನಮೂದುಗಳಿಗೆ ಮುಂದೆ ಓದಬೇಕಾದ ಗ್ರಂಥಗಳ ಪಟ್ಟಿಯೂ ಇರುತ್ತದೆ. ವಿಷಯಸೂಚಿಗೆ ಮೂರು ಪುಸ್ತಕ ಮೀಸಲಿಟ್ಟದ್ದು ಅತಿಯಾಯಿತು ಎನ್ನಿಸಬಹುದು. ಆದರೆ ಸ್ವಂತ ನಮೂದಿಲ್ಲದ ಒಬ್ಬ ಸಣ್ಣ ಅಧಿಕಾರಿಯ ಹೆಸರು ಬೇರೆ ಯಾವ ಲೇಖನದ ನಡುವೆ ಬಂದಿದೆ ಎಂದು ತೋರಿಸುವುದು ಈ ಸೂಚಿಯೇ.

ಇದಕ್ಕಿಂತ ಹಳೆಯದು, ಸ್ವಭಾವದಲ್ಲಿ ತೀರ ಭಿನ್ನವಾದದ್ದು ಕೊಜಿ ರುಯಿಎನ್. 1879ರಲ್ಲಿ ಶಿಕ್ಷಣ ಇಲಾಖೆಯ ನಿಶಿಮುರಾ ಶಿಗೆಕಿ ಅವರ ಸಲಹೆಯಂತೆ ಆರಂಭವಾಗಿ, ಕೈಯಿಂದ ಕೈಗೆ ದಾಟಿ, ಕೊನೆಗೆ ಇಸೆ ಮಹಾದೇಗುಲದ ಆಡಳಿತದ ಆಶ್ರಯದಲ್ಲಿ 1914ರಲ್ಲಿ ಪೂರ್ಣಗೊಂಡಿತು. ಹಳೆಯ ಎಣಿಕೆಯಲ್ಲಿ ಸಾವಿರ ಸಂಪುಟ, ಆಧುನಿಕ ರಟ್ಟಿನಲ್ಲಿ 51 ಪುಸ್ತಕ. ಆಕಾಶ, ಋತುಗಳು, ದೇವತೆಗಳು, ಪದವಿಗಳು, ಆಹಾರ, ಪ್ರಾಣಿ, ಸಸ್ಯ ಎಂದು 30 ವಿಭಾಗಗಳಿದ್ದು, ಪ್ರತಿ ವಿಷಯಕ್ಕೂ 1867ರವರೆಗಿನ ಗ್ರಂಥಗಳಿಂದ ಆಯ್ದ ಮೂಲವಾಕ್ಯಗಳನ್ನು ಕೂಡಿಸಿದ್ದಾರೆ. ಕೊಡೆ, ಉಪ್ಪು, ಛತ್ರದ ಬಾಡಿಗೆ ಮುಂತಾದ ದಿನಬಳಕೆಯ ಸಂಗತಿಗಳನ್ನು ಹಳಬರು ಹೇಗೆ ದಾಖಲಿಸಿದ್ದಾರೆ ಎಂದು ಹುಡುಕುವವರಿಗೆ ಇದಕ್ಕೆ ಸಾಟಿಯಿಲ್ಲ.

ಜಪಾನಿ ಭಾಷೆ ಬಾರದವರಿಗೆ

ಕನ್ನಡದ ಬಹುಪಾಲು ಓದುಗರಿಗೆ ಕೈಗೆಟುಕುವುದು ಇಂಗ್ಲಿಷಿನ ಸಮಗ್ರ ಇತಿಹಾಸಗಳು. ಅವುಗಳಲ್ಲಿ ಮುಖ್ಯವಾದದ್ದು 1988ರಿಂದ 1999ರ ನಡುವೆ ಆರು ಸಂಪುಟಗಳಲ್ಲಿ ಬಂದ ಕೇಂಬ್ರಿಜ್ ಹಿಸ್ಟರಿ ಆಫ್ ಜಪಾನ್. ಪ್ರಾಚೀನ ಕಾಲ, ಹೇಯಾನ್ ಕಾಲ, ಮಧ್ಯಯುಗ, ಆಧುನಿಕಪೂರ್ವ ಕಾಲ, ಹತ್ತೊಂಬತ್ತನೆಯ ಶತಮಾನ, ಇಪ್ಪತ್ತನೆಯ ಶತಮಾನ ಎಂಬುದು ಅವುಗಳ ಕ್ರಮ. ಆದರೆ ಹೊರಬಂದದ್ದು ಈ ಕ್ರಮದಲ್ಲಲ್ಲ; ಮೊದಲು ಬಂದದ್ದು ಆರನೆಯ ಸಂಪುಟ, ಕೊನೆಗೆ ಬಂದದ್ದು ಎರಡನೆಯದು. ಜಪಾನಿನ ಹಿರಿಯ ಇತಿಹಾಸಕಾರರು ಬರೆದ ಅಧ್ಯಾಯಗಳ ಅನುವಾದವೂ ಇದರಲ್ಲಿ ಸೇರಿರುವುದು ಬೇರೆ ಭಾಷೆಯ ಓದುಗರಿಗೆ ದೊಡ್ಡ ಅನುಕೂಲ. 2023ರಿಂದ ಇದರ ಹೊಸ ಮಾಲೆ ಮೂರು ಸಂಪುಟಗಳ ಯೋಜನೆಯಾಗಿ ಹೊರಬರುತ್ತಿದ್ದು, ಜಪಾನನ್ನು ಏಷ್ಯಾದ ಮತ್ತು ಜಗತ್ತಿನ ಸಂಬಂಧಗಳ ನಡುವೆ ಇಟ್ಟು ನೋಡುತ್ತದೆ. ಬಿಡಿ ವಿಷಯಗಳಿಗೆ 1983ರ ಒಂಬತ್ತು ಸಂಪುಟಗಳ ಕೊದಾನ್ಶಾ ವಿಶ್ವಕೋಶ ಇಂದಿಗೂ ಉಪಯುಕ್ತ.

ಇವುಗಳನ್ನು ಓದುವಾಗ ಪ್ರಕಟಣೆಯ ವರ್ಷವನ್ನು ಗಮನಿಸುವುದು ಅತ್ಯಗತ್ಯ. 2000ದ ನವೆಂಬರಿನಲ್ಲಿ, ಜಪಾನಿನ ಹವ್ಯಾಸಿ ಪುರಾತತ್ವಜ್ಞರೊಬ್ಬರು ಉತ್ಖನನದ ಜಾಗಗಳಲ್ಲಿ ಶಿಲಾಯುಧಗಳನ್ನು ತಾವೇ ಹೂತಿಡುತ್ತಿದ್ದುದನ್ನು ಮೈನಿಚಿ ಪತ್ರಿಕೆ ಚಿತ್ರಸಮೇತ ಬಯಲಿಗೆಳೆಯಿತು. ಲಕ್ಷಾಂತರ ವರ್ಷ ಹಳೆಯವೆಂದು ಸಾರಿದ್ದ ಹಲವು ನೆಲೆಗಳು ಅದರಿಂದ ಸುಳ್ಳೆಂದು ತಿಳಿದು ಪಠ್ಯಪುಸ್ತಕಗಳನ್ನೇ ತಿದ್ದಬೇಕಾಯಿತು. ಅದಕ್ಕೂ ಮುಂಚೆ ಅಚ್ಚಾದ ಯಾವುದೇ ಗ್ರಂಥದಲ್ಲಿ ಹಳೆ ಶಿಲಾಯುಗದ ಭಾಗವನ್ನು ಹೊಸ ಬರಹಗಳೊಡನೆ ಹೋಲಿಸದೆ ಒಪ್ಪಬಾರದು. ಆಕರ ಸಂಗ್ರಹಗಳಿಗೆ ಈ ಬಗೆಯ ಮುಪ್ಪು ಕಡಿಮೆ. ಹೊಸ ಹಸ್ತಪ್ರತಿ ಸಿಕ್ಕಾಗ ಪಾಠ ತಿದ್ದುಪಡಿಯಾಗುತ್ತದೆ ಅಷ್ಟೆ.

ಟೋಕಿಯೊ ವಿಶ್ವವಿದ್ಯಾಲಯದ ಸಂಸ್ಥೆ ತನ್ನ ಆಕರಮಾಲೆಗಳ ದತ್ತಸಂಚಯವನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿದೆ. ಕ್ಯೋಟೊದ ಅಂತಾರಾಷ್ಟ್ರೀಯ ಜಪಾನ್ ಅಧ್ಯಯನ ಕೇಂದ್ರದ ತಾಣದಲ್ಲಿ ಕೊಜಿ ರುಯಿಎನ್ ಪುಟಗಳನ್ನು ಹುಡುಕಬಹುದು. ಕೊಕುಶಿ ದೈಜಿತೆನ್ ಮಾತ್ರ ಚಂದಾ ಕಟ್ಟಿ ನೋಡಬೇಕಾದ ಜಪಾನ್‌ನಾಲೆಜ್ ಎಂಬ ತಾಣದಲ್ಲಿದೆ. ಭಾಷೆ ಬಾರದವರು ಕೇಂಬ್ರಿಜ್ ಸಂಪುಟದ ಸಂಬಂಧಪಟ್ಟ ಅಧ್ಯಾಯದಿಂದ ಹೊರಟು, ಅದರ ಅಡಿಟಿಪ್ಪಣಿಯಲ್ಲಿ ಆಕರದ ಹೆಸರು ಮತ್ತು ಜಪಾನಿ ಪಂಚಾಂಗದ ದಿನಾಂಕವನ್ನು ಗುರುತು ಹಾಕಿಕೊಂಡು, ಆ ದಿನಾಂಕವನ್ನೇ ಟೋಕಿಯೊದ ದತ್ತಸಂಚಯದಲ್ಲಿ ಹಾಕಿ ಹುಡುಕುವುದು ಸುಲಭದ ದಾರಿ. ಹಳೆಯ ಜಪಾನಿನ ತಿಂಗಳುಗಳು ಚಾಂದ್ರಮಾನದವು, ನಮ್ಮ ಪಂಚಾಂಗದಂತೆಯೇ ಅಲ್ಲಿಯೂ ಅಧಿಕಮಾಸ ಬರುತ್ತದೆ. ಆದ್ದರಿಂದ ಅಲ್ಲಿನ ಆರನೆಯ ತಿಂಗಳ ಎರಡನೆಯ ದಿನವನ್ನು ಜೂನ್ 2 ಎಂದು ತಿಳಿಯಬಾರದು. ನೊಬುನಾಗ ಸತ್ತ ಆ ದಿನ ಯುರೋಪಿನ ಅಂದಿನ ಜೂಲಿಯನ್ ಲೆಕ್ಕದಲ್ಲಿ 1582ರ ಜೂನ್ 21.